ಬಿಸಿ ಮೈಗೆ ತಣ್ಣೀರು

ಬಾಳೆತೋಟದಲ್ಲಿ ಹುಳುವಿಗೆ ವಿಷ ಹೊಡೆಯುವ ಆಳುಗಳು ಮೈ ತೊಳೆದುಕೊಳ್ಳಲೆಂದು ಕಟ್ಟಿದ್ದ ಬಚ್ಚಲಿನ ನಲ್ಲಿಗಳನ್ನು ಕಂಪನಿ ಕಿತ್ತುಹಾಕಿತು. ಆ ಜಾಗದಲ್ಲಿ ಬಾಳೆಹಣ್ಣು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿತು. ಬಚ್ಚಲಿನ ಬದಲಿಗೆ ಆಳಿಗೆ ದಿನಕ್ಕೊಂದು ಪ್ಯಾಕೆಟ್ ಹಾಲು ಕೊಟ್ಟಿತು.

ಹಾಲು ಶುರುವಾದ ಮೇಲಿನ ಎರಡನೆಯ ಮಳೆಗಾಲ. ಒಂದು ಮಧ್ಯಾಹ್ನ ವೆಲ್ಲಿಂಗ್ಟನ್ ಪಿಂಕಾಯ್ ಎಂಬ ಆಳನ್ನು ಪೆಟ್ಟಿಗೆ ಸಾಗಿಸುವ ಲಾರಿಯಲ್ಲಿ ಮಲಗಿಸಿಕೊಂಡು ಸಾನ್ ಹಸಿಂತೊ ಊರಿನ ಸರ್ಕಾರಿ ಆಸ್ಪತ್ರೆಗೆ ತಂದರು. ಬೇಯುವ ಸೆಖೆ. ಆದರೂ ಅವನಿಗೆ ಕತ್ತಿನವರೆಗೆ ಕಂಬಳಿ ಹೊದಿಸಿದ್ದರು, ಒಂದರ ಮೇಲೊಂದು. ಕಂಬಳಿಯೊಳಗೆ ಅವನು ಬಿಲ್ಲಿನಂತೆ ಸೆಟೆಯುತ್ತಿದ್ದ, ಸಡಿಲುತ್ತಿದ್ದ, ಮತ್ತೆ ಸೆಟೆಯುತ್ತಿದ್ದ. ಬಾಯಿಂದ ನೊರೆ ಇಳಿದು ಕಿವಿಯವರೆಗೆ ಹರಿದಿತ್ತು.

ಎಲೋಡಿಯಾ ಕಿಮಿ ಆಸ್ಪತ್ರೆಯ ಗೇಟಿನೆದುರಿನ ಗೂಡಂಗಡಿಯಲ್ಲಿ ಕೂತು ಮೀನಿನ ಸಾರಿಗೆ ನಿಂಬೆ ಹಿಂಡುತ್ತಿದ್ದಳು. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು ಅವಳು. ಊರವರ ಬಾಯಲ್ಲಿ ಮತ್ತಿನ ಡಾಕ್ಟ್ರಮ್ಮ. ಲಾರಿಯ ಹಾರ್ನು ಬಿಡದೆ ಕೂಗಿದ್ದನ್ನು ಕೇಳಿ ಚಮಚ ಬಿಟ್ಟು ಎದ್ದಳು.

"ಏನಾಯ್ತು ಇವನಿಗೆ?"

"ಪಾಸ್ಮೊ ಡಾಕ್ಟ್ರಮ್ಮ," ಅಂದ ಡ್ರೈವರ್. "ಬಿಸಿ ಮೈಯಲ್ಲಿ ಕಾಲುವೆ ನೀರಿಗೆ ಕೈ ಅದ್ದಿಬಿಟ್ಟ. ನರ ಎಲ್ಲಾ ಸೆಟ್ಕೊಂಡ್ವು. ಅದಕ್ಕೇ ಬೆಚ್ಚಗಿರ್ಲಿ ಅಂತ ಹೊದಿಸ್ಕೊಂಡು ಬಂದ್ವಿ."

ಆ ಕರಾವಳಿಯಲ್ಲಿ ಪಾಸ್ಮೊ ಅಂದರೆ ಏನೆಂದು ಯಾರಿಗೂ ಯಾರೂ ಹೇಳಿಕೊಡಬೇಕಿಲ್ಲ. ಕಾದ ಮೈಗೆ ತಣ್ಣೀರು ತಾಗಿದರೆ ನರ ಸೆಟೆಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಕೆಲವರು ಸತ್ತೇ ಹೋಗುತ್ತಾರೆ. ಇಸ್ತ್ರಿ ಹಾಕಿದ ಹೆಂಗಸು ಸಂಜೆಯವರೆಗೆ ಪಾತ್ರೆ ಮುಟ್ಟುವುದಿಲ್ಲ. ಕಾಫಿ ಹುರಿದವಳು ಮಳೆಗೆ ಕೈಯೊಡ್ಡುವುದಿಲ್ಲ. ತೋಟದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷ ಹೊಡೆದು ಬಂದ ಗಂಡಸು ಬೇಲಿಯ ನೆರಳಲ್ಲಿ ಕೂತು ಮೈ ಆರುವುದನ್ನು ಕಾಯುತ್ತಾನೆ. ಅವನು ಕಾಯುವಷ್ಟು ಹೊತ್ತೂ ವಿಷ ಕಾಯುವುದಿಲ್ಲ, ಚರ್ಮ ದಾಟಿ ತನ್ನ ದಾರಿ ತಾನು ಹಿಡಿಯುತ್ತದೆ.

ಎಲೋಡಿಯಾ ಕಂಬಳಿ ಎಳೆದಳು. ಸೀಮೆಎಣ್ಣೆಗೆ ಕೊಳೆತ ಬೆಳ್ಳುಳ್ಳಿ ಬೆರೆಸಿದಂಥ ನಾತ ಮೂಗಿಗೆ ಹೊಡೆಯಿತು. ಅಂಗಿಯ ಬೆನ್ನು ಸೊಂಟದವರೆಗೆ ನೆನೆದಿತ್ತು. ಪಂಪು ಸೋರಿದೆ, ಬೆಳಗಿನಿಂದ ಸೋರಿದೆ. ಕಣ್ಣಿನ ರೆಪ್ಪೆ ಎತ್ತಿ ನೋಡಿದರೆ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದು. ಸೋರುವ ವಿಷವನ್ನು ಮೂರು ಕಂಬಳಿಯೊಳಗೆ ಬೆಚ್ಚಗೆ ಇಟ್ಟು, ಪ್ರೀತಿಯಿಂದ, ದಾರಿಯುದ್ದಕ್ಕೂ ಅವನಿಗೆ ಕುಡಿಸಿಕೊಂಡು ಬಂದಿದ್ದರು.

"ತರ್ಸಿಲಾ, ಕತ್ತರಿ. ಬಟ್ಟೆ ಪೂರಾ ಕತ್ತರಿಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟು, ಕೈಗವಸು ಹಾಕ್ಕೊಂಡೇ ಮುಟ್ಟು. ಸೋಪು, ಬಕೆಟ್ಟು."

ನರ್ಸ್ ತರ್ಸಿಲಾ ಬಕೆಟ್ಟು ಎತ್ತಿದಳು. ಲಾರಿಯಿಂದ ಇಳಿದಿದ್ದ ಹೆಂಗಸೊಬ್ಬಳು ಓಡಿಬಂದು ಬಕೆಟ್ಟಿನ ಹಿಡಿಗೆ ಜೋತುಬಿದ್ದಳು. ವೆಲ್ಲಿಂಗ್ಟನ್ನನ ಹೆಂಡತಿ ಲೀಡಾ. ಪ್ಯಾಕಿಂಗ್ ಶೆಡ್ಡಿನ ಏಪ್ರನ್ನಿನಲ್ಲೇ ಬಂದಿದ್ದಳು.

"ತಣ್ಣೀರು ಬೇಡ ಡಾಕ್ಟ್ರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಮೈ ಇನ್ನೂ ಕಾದಿದೆ. ಸತ್ತೇ ಹೋಗ್ತಾನೆ."

"ತೊಳೀದಿದ್ರೆ ಸಾಯ್ತಾನೆ. ಬಿಡು."

"ಡಾಕ್ಟ್ರೇ ಹೇಳಿದ್ದು, ಮೈ ಆರೋವರೆಗೂ ನೀರು ಮುಟ್ಬೇಡಿ ಅಂತ. ಹಾಲು ಕುಡೀರಿ, ಹಾಲು ವಿಷ ಕಡಿಯುತ್ತೆ ಅಂತ."

"ಯಾವ ಡಾಕ್ಟ್ರು?"

"ಇನ್ಯಾವ ಡಾಕ್ಟ್ರು. ನಮ್ಮ ಕೊಂಪಾದ್ರೆ. ದೋನ್ ಹೊಮೆರೊ."

ಎಲೋಡಿಯಾಳ ಕೈ ಬಕೆಟ್ಟಿನ ಮೇಲೆಯೇ ನಿಂತಿತು. ಹೊಮೆರೊ ಆಲ್ಸಿವಾರ್, ಮರ್ಯಾದೆಗೆ ಎಲ್ಲರೂ ದೋನ್ ಸೇರಿಸಿ ಕರೆಯುವವರು, ಆ ಆಸ್ಪತ್ರೆಯ ನಿರ್ದೇಶಕರು. ಲೀಡಾಳ ಮಗಳ ತಲೆಗೆ ಇಗರ್ಜಿಯಲ್ಲಿ ನೀರು ಹಾಕಿಸಿದಾಗ ಮಗುವನ್ನು ಎತ್ತಿ ಹಿಡಿದವರು. ಹಾಗೆ ಎತ್ತಿ ಹಿಡಿದವನು ಅಪ್ಪ ಅಮ್ಮಂದಿರಿಗೆ ಕೊಂಪಾದ್ರೆ ಆಗುತ್ತಾನೆ, ಮಗುವಿನ ತಾಯಿ ಅವನಿಗೆ ಕೊಮಾದ್ರೆ. ರಕ್ತದ ಅಣ್ಣನ ಮಾತನ್ನಾದರೂ ತೆಗೆದುಹಾಕಬಹುದು, ಕೊಂಪಾದ್ರೆಯ ಮಾತನ್ನು ತೆಗೆದುಹಾಕುವಂತಿಲ್ಲ. ಆ ತೋಟದ ಲೈನುಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳನ್ನು ಎತ್ತಿ ಹಿಡಿದವರು ದೋನ್ ಹೊಮೆರೊ.

"ಅವರು ಹಾಗನ್ನೋ ಜನ ಅಲ್ಲ," ಅಂದಳು ಎಲೋಡಿಯಾ.

"ಎಲ್ಲರನ್ನೂ ಶೆಡ್ಡಲ್ಲಿ ಕೂಡಿಸಿ ಹೇಳಿದ್ರು. ನಾನು ಮುಂದಿನ ಬೆಂಚಲ್ಲೇ ಕೂತಿದ್ದೆ."

ಎಲೋಡಿಯಾ ನೀರು ಸುರಿದಳು. ಲೀಡಾ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡಳು.

ಅಟ್ರೊಪಿನ್ ಮದ್ದು ಚುಚ್ಚಿದಷ್ಟೂ ಅವನ ಮೈ ನುಂಗಿತು. ಎದೆಯೊಳಗಿನ ಗೊರಗೊರ ನಿಧಾನಕ್ಕೆ ಆರಿತು, ಬೆವರು ನಿಂತಿತು, ಕುಸಿದಿದ್ದ ನಾಡಿ ಎದ್ದು ಕೂತಿತು. ಗಂಟಲಿಗೆ ನಳಿಗೆ ಇಳಿಸಿದರು. ವಿಷದ ಹಿಡಿತ ಬಿಡಿಸುವ ಇನ್ನೊಂದು ಮದ್ದಿದೆ ಎಂದು ಪುಸ್ತಕದಲ್ಲಿತ್ತು, ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಇಷ್ಟಾದರೂ ಫಿಟ್ಸು ನಿಲ್ಲಲಿಲ್ಲ. ಒಂದು ಸೆಳೆತ ಮುಗಿಯುವ ಮೊದಲೇ ಇನ್ನೊಂದು. ಮಿದುಳಿಗೆ ಹತ್ತಿದ ಬೆಂಕಿ ಹಾಗೇ ಉರಿಯಲು ಬಿಟ್ಟರೆ ಮನುಷ್ಯ ಬದುಕಿದರೂ ಬೂದಿಯಾಗಿ ಬದುಕುತ್ತಾನೆ.

"ಡಯಾಜೆಪಾಮ್ ಇದೇ ಕೊನೇದು," ಅಂದಳು ತರ್ಸಿಲಾ, ಸೆಳೆತ ಇಳಿಸುವ ಮದ್ದಿನ ಸೀಸೆ ತೋರಿಸಿ.

"ಮಿಡಜೊಲಾಮ್?"

"ಅದನ್ನ ನಾನು ಕಂಡಿದ್ದು ಹೋದ ಕ್ರಿಸ್‌ಮಸ್ಸಿಗೆ. ದೇವರ ಸಾಲಿನಲ್ಲಿ ಅದರದೊಂದು ಫೋಟೊ ಇಟ್ಟು ಮೇಣದಬತ್ತಿ ಹಚ್ಚಬೇಕು."

ಎಲೋಡಿಯಾ ಗೋಡೆಯ ಕಡೆ ನೋಡುತ್ತ ನಿಂತಳು. ಅವಳ ಬಳಿ ಇದ್ದದ್ದು ಒಂದೇ: ಆಪರೇಷನ್ ಥಿಯೇಟರಿನ ಯಂತ್ರ, ಅದರ ತಲೆಯ ಮೇಲೆ ಹಳದಿ ಪಟ್ಟಿಯ ತಿರುಗಣೆ, ಒಳಗೆ ಸೆವೊಫ್ಲುರೇನ್ ಎಂಬ ದ್ರವ. ಉಸಿರಿನ ಜೊತೆ ಆವಿಯಾಗಿ ಒಳಗೆ ಹೋಗಿ ಮನುಷ್ಯನನ್ನು ಮಲಗಿಸುವುದು ಅದರ ಕೆಲಸ. ಇಂಥ ವಿಷ ಕೊಟ್ಟ ಪ್ರಾಣಿಗಳಿಗೆ ಆ ಆವಿ ಕುಡಿಸಿದಾಗ ಸೆಳೆತ ನಿಂತದ್ದನ್ನು ಅವಳು ಎಲ್ಲೋ ಓದಿದ್ದಳು. ಮನುಷ್ಯರಿಗೆ ಕೊಟ್ಟ ಉದಾಹರಣೆ ಅಲ್ಲೊಂದು ಇಲ್ಲೊಂದು. ರಕ್ತದೊತ್ತಡ ಬಿದ್ದುಹೋಗಬಹುದು. ಬಿದ್ದರೆ ಹೊಣೆ ಅವಳದೇ.

"ಥಿಯೇಟರಿಗೆ ಎತ್ತಿ."

"ಏನು ಆಪರೇಷನ್ನು?"

"ಆಪರೇಷನ್ ಇಲ್ಲ. ಬರೀ ಗ್ಯಾಸು."

"ಕೊಯ್ಯೋದಿಲ್ಲ ಅಂದ್ಮೇಲೆ ಗ್ಯಾಸ್ ಯಾಕೆ? ಪರಿಮಳಕ್ಕಾ?" ಅಂದಳು ತರ್ಸಿಲಾ, ಆದರೆ ಹಾಗನ್ನುತ್ತಲೇ ಸ್ಟ್ರೆಚರನ್ನು ತಳ್ಳತೊಡಗಿದ್ದಳು. "ನಾಳೆ ಬೆಳಿಗ್ಗೆ ಹರ್ನಿಯಾ ಕ್ಯಾಂಪಿದೆ, ನೆನಪಿರ್ಲಿ. ಆ ಬಾಟಲಿ ಕ್ಯಾಂಪಿಗೆ ಅಂತ ಬಂದಿದ್ದು."

ತಿರುಗಣೆ ತಿರುಗಿತು. ಎಲೋಡಿಯಾ ಅವನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತಳು. ಅದು ಕುಣಿಯುತ್ತಿತ್ತು. ಇನ್ನಷ್ಟು ತಿರುಗಿಸಿದಳು. ಕುಣಿತ ನಿಧಾನವಾಯಿತು, ಬಿಟ್ಟು ಬಿಟ್ಟು ಬಂತು, ಆಮೇಲೆ ಬರಲಿಲ್ಲ. ಯಂತ್ರದ ಉಸಿರು ಮಾತ್ರ ಕೇಳಿಸಿತು. ಲೀಡಾಳನ್ನು ಒಳಗೆ ಕರೆದಳು.

"ಹೋದನಾ?" ಅಂದಳು ಲೀಡಾ ಬಾಗಿಲಲ್ಲೇ.

"ಮಲಗಿದ್ದಾನೆ. ಬಾ, ಕೈ ಮುಟ್ಟಿ ನೋಡು."

ಲೀಡಾ ಗಂಡನ ಕೈ ಹಿಡಿದು ನೋಡಿದಳು. ತಣ್ಣೀರು ಸುರಿದಿದ್ದರೂ ಕೈ ಮೆತ್ತಗಿತ್ತು. ಅವಳು ಅಳಲಿಲ್ಲ. ಏಪ್ರನ್ನಿನ ಅಂಚು ಮಡಚಿ ಮಡಚಿ ಬಿಡಿಸುತ್ತ, "ಹಾಗಾದ್ರೆ ಪಾಸ್ಮೊ ಅಲ್ವಾ," ಅಂದಳು.

"ಅಲ್ಲ."

"ಅವನು ದಿನಾ ಹೇಳೋನು, ಲೀಡಾ ಬೆನ್ನು ಉರಿಯುತ್ತೆ, ಒಂದು ಚೊಂಬು ಹಾಕೇ ಅಂತ. ನಾನೇ ಬೇಡ ಅಂತಿದ್ದೆ. ಮೊದಲು ಹಾಲು ಕುಡಿ, ಕೊಂಪಾದ್ರೆ ಹೇಳಿಲ್ವಾ ಅಂತಿದ್ದೆ. ಇವತ್ತು ಕಾಲುವೇಲಿ ಕೈ ಅದ್ದಿದ್ದಕ್ಕೆ ಎಲ್ಲರೆದುರಿಗೆ ಬೈದೆ."

ಎಲೋಡಿಯಾಳ ಕಣ್ಣೆದುರು ಇದ್ದದ್ದು ಬೇರೆಯೇ ಹೊಮೆರೊ.

ಎಲೋಡಿಯಾ ಅದೇ ತೋಟದ ಲೈನುಮನೆಯಲ್ಲಿ ಹುಟ್ಟಿದವಳು. ಶನಿವಾರ ಮಧ್ಯಾಹ್ನ ಕೂಲಿ ಮುಗಿದ ಮೇಲೆ ಶೆಡ್ಡಿನಲ್ಲಿ ಓದುವ ಕೂಟ ಸೇರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಅರ್ಥವಾಗದಿದ್ದರೆ ಜಗಳ ಮಾಡುವುದು. ಹೊಸದಾಗಿ ಬಂದಿದ್ದ ಹರೆಯದ ಡಾಕ್ಟರು ಹೊಮೆರೊ ಪುಸ್ತಕ ತರುತ್ತಿದ್ದರು. ಮಕ್ಕಳಿಗೆ ಪುಸ್ತಕವಿಲ್ಲ, ಮಕ್ಕಳಿಗೆ ಓದಲು ವಿಷದ ಡ್ರಮ್ಮಿಗೆ ಅಂಟಿಸಿದ ಚೀಟಿ. ಎಲೋಡಿಯಾ ಅಕ್ಷರ ಕೂಡಿಸಿ ಓದಿದ ಮೊದಲ ವಾಕ್ಯ 'ಚರ್ಮಕ್ಕೆ ತಾಗಿದರೆ ಕೂಡಲೇ ತೊಳೆಯಿರಿ.' ಓದಿ ಮುಗಿಸಿದ್ದೇ ಮುದುಕಿಯರು ನಕ್ಕರು. ಕೂಡಲೇ ತೊಳೆಯೋದಂತೆ, ಬರೆದೋನಿಗೆ ಪಾಸ್ಮೊ ಬಡೀಲಿ.

ಮುಂದಿನ ಶನಿವಾರ ಹೊಮೆರೊ ಬಿಳಿ ಅಂಗಿ ಹಾಕಿಕೊಂಡು ಬಂದರು. ಸೋರುವ ಪಂಪಿಗೆ ಬೀಟ್‌ರೂಟಿನ ನೀರು ತುಂಬಿ ಬೆನ್ನಿಗೆ ಕಟ್ಟಿ ಸುಡು ಬಿಸಿಲಿನಲ್ಲಿ ಬಾಳೆಸಾಲುಗಳ ನಡುವೆ ಒಂದು ಸುತ್ತು ಹೋಗಿ ಬಂದು, ಬೆನ್ನು ತಿರುಗಿಸಿ ನಿಂತರು. ಕತ್ತಿನಿಂದ ಕೆಳಗೆ ಪೂರಾ ಕೆಂಪು. "ಏನು ದೋನ್ ಹೊಮೆರೊ, ಹೆರಿಗೆ ಆಯ್ತಾ?" ಅಂತ ಯಾರೋ ಕೂಗಿದರು. ಅವರು ನಗಲಿಲ್ಲ. ಬೆವರು ಇಳಿಯುತ್ತಿದ್ದ ಮೈಗೆ, ಎಲ್ಲರೆದುರು, ಬಾವಿಯ ತಣ್ಣೀರನ್ನು ಕೊಡ ಕೊಡ ಸುರಿದುಕೊಂಡರು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡು ಅವರು ಸೆಟೆದು ಬೀಳುವುದನ್ನು ಕಾದರು. ಅವರು ಬೀಳಲಿಲ್ಲ. ಒದ್ದೆ ಮೈಯಲ್ಲೇ ಪೆಟ್ಟಿಗೆಯ ಮೇಲೆ ಕೂತು, "ಹಸಿವಾಗ್ತಿದೆ, ಕರಿದ ಬಾಳೆಕಾಯಿ ಯಾರ ಮನೇಲಿದೆ?" ಅಂದರು.

ಅವತ್ತಿನಿಂದ ಜನ ತೊಳೆದರು. ಬಚ್ಚಲು ಬೇಕೆಂದು ಕೆಲಸ ನಿಲ್ಲಿಸಿದರು, ಲಾಠಿ ತಿಂದರು, ಎಲೋಡಿಯಾಳ ಅಮ್ಮನ ಮುಂದಿನ ಹಲ್ಲು ಆ ಬಚ್ಚಲಿಗೆ ಹೋಯಿತು. ನಲ್ಲಿ ಬಂತು. ಆಮೇಲೆ ಹೊಮೆರೊ ಅವಳ ಪರವಾಗಿ ಊರೂರು ಅಲೆದು ಅವಳನ್ನು ಗ್ವಾಯಾಕಿಲ್ ನಗರದ ಮೆಡಿಕಲ್ ಕಾಲೇಜಿಗೆ ಸೇರಿಸಿದರು. "ಓದಿ ಗ್ವಾಯಾಕಿಲ್‌ನಲ್ಲೇ ಉಳ್ಕೊಂಡ್ರೆ ನಿನ್ನ ಮುಖ ನೋಡಲ್ಲ," ಅಂದಿದ್ದರು. ಅವಳು ದೊಡ್ಡ ಊರಿನ ಕ್ಲಿನಿಕ್ಕುಗಳನ್ನು ಬಿಟ್ಟು ಈ ಸೋರುವ ಮಾಡಿನ ಆಸ್ಪತ್ರೆಗೆ ಬಂದದ್ದು ಆ ಒಂದು ಮಾತಿಗೆ.

ಆ ರಾತ್ರಿ ಎಲೋಡಿಯಾ ಗ್ವಾಯಾಕಿಲ್‌ನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದಳು. ಹಾಸಿಗೆ ಇಲ್ಲ. ಮಾಚಾಲಾದ ಆಸ್ಪತ್ರೆಯಲ್ಲಿದ್ದ ಗೆಳತಿಯೊಬ್ಬಳು ಹಗಲಿನ ಆಂಬುಲೆನ್ಸಿನಲ್ಲಿ ಮಿಡಜೊಲಾಮ್ ಕಳಿಸುತ್ತೇನೆ, ನಾಳೆ ಸಂಜೆಯೊಳಗೆ ತಲುಪುತ್ತದೆ ಎಂದಳು. ನಾಳೆ ಸಂಜೆಯವರೆಗೆ ಈ ಆವಿಯೇ ಗತಿ.

ಬೆಳಕು ಹರಿಯುವಾಗ ಎಲೋಡಿಯಾ ಪರೀಕ್ಷೆಗೆಂದು ತಿರುಗಣೆಯನ್ನು ಸ್ವಲ್ಪ ಇಳಿಸಿ ನೋಡಿದಳು. ತಡವಾಗಲಿಲ್ಲ. ಮೊದಲು ರೆಪ್ಪೆ ಅದುರಿತು, ಆಮೇಲೆ ತುಟಿಯ ಮೂಲೆ, ಆಮೇಲೆ ತೋಳು ಪೂರಾ ಬಡಿಯತೊಡಗಿತು. ಲೀಡಾ ಹೌಹಾರಿ ಎದ್ದಳು. ಎಲೋಡಿಯಾ ಮತ್ತೆ ಏರಿಸಿದಳು. ತೋಳು ಹಾಸಿಗೆಯ ಮೇಲೆ ಬಿದ್ದು ಸುಮ್ಮನಾಯಿತು.

"ಇನ್ನೂ ಒಳಗಿದೆ," ಅಂದಳು ಎಲೋಡಿಯಾ.

"ಅದನ್ನ ಮತ್ತೆ ಮುಟ್ಬೇಡಿ," ಅಂದಳು ಲೀಡಾ.

ಹೊರಗೆ ಅಂಗಳದಲ್ಲಿ ಬ್ಯಾನರು ಕಟ್ಟುತ್ತಿದ್ದರು. ಕಂಪನಿಯ ಖರ್ಚಿನಲ್ಲಿ ಆಳುಗಳಿಗೆ ಹರ್ನಿಯಾ ಆಪರೇಷನ್ ಕ್ಯಾಂಪು. ಹಣ್ಣು ಕೊಳ್ಳುವ ಪರದೇಶದ ದೊಡ್ಡ ಮನುಷ್ಯರು ಹತ್ತು ಗಂಟೆಗೆ ನೋಡಲು ಬರುವವರಿದ್ದರು. ಗೊನೆ ಹೊತ್ತು ಹೊತ್ತು ಕರುಳು ಜಾರಿಸಿಕೊಂಡ ಗಂಡಸರು ಸ್ನಾನ ಮಾಡಿ, ತಲೆ ಬಾಚಿ, ಬರೀ ಹೊಟ್ಟೆಯಲ್ಲಿ ಮೊಗಸಾಲೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲೋಡಿಯಾ ನೀರು ಕುಡಿಯಲು ಹೊರಬಂದಾಗ ಅವರಲ್ಲಿ ಹಿರಿಯ, ದೋನ್ ಅಪೊಲಿನಾರಿಯೊ, ಕರೆದ.

"ಒಳಗೆ ಮಲಗಿರೋದು ನಮ್ಮ ವೆಲ್ಲಿಂಗ್ಟನ್ ಅಂತೆ, ಹೌದಾ?"

"ಹೌದು."

"ಹಾಗಿದ್ರೆ ನಮ್ಮನ್ನ ಎಲ್ಲಿ ಕೊಯ್ತೀರಿ?"

"ಹೆರಿಗೆ ಕೋಣೇಲಿ. ಗ್ಯಾಸ್ ಬೇಡ, ಬೆನ್ನಿಗೊಂದು ಸೂಜಿ. ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ಲ."

"ಸೊಂಟದಿಂದ ಕೆಳಗೆ ನನಗೆ ಗೊತ್ತಾಗೋದು ನಿಂತು ಬಹಳ ಕಾಲ ಆಯ್ತು, ಸೂಜಿ ಉಳಿಸ್ಕೊಳಿ," ಅಂದ ಮುದುಕ. ಬೆಂಚು ಪೂರಾ ಜಾರಿದ ಕರುಳು ಹಿಡಿದುಕೊಂಡು ನಕ್ಕಿತು. "ಹೆರಿಗೆ ಕೋಣೆ ಆದ್ರೆ ನಾನು ಮೊದಲು. ಗಂಡು ಮಗು ಆದ್ರೆ ಹೇಳಿ."

ಒಂಬತ್ತರ ಹೊತ್ತಿಗೆ ಹೊಮೆರೊ ಆಲ್ಸಿವಾರ್ ಬಂದರು. ತೆಳ್ಳಗಿನ ಮನುಷ್ಯ, ಬೆಳ್ಳಗಾದ ಕೂದಲು, ಅವತ್ತಿಗೆಂದು ಟೈ. ಥಿಯೇಟರಿನೊಳಗೆ ಬಂದವರು ನೇರವಾಗಿ ವೆಲ್ಲಿಂಗ್ಟನ್ನನ ಬಳಿ ಹೋಗಿ ಅವನ ಹಣೆಯ ಮೇಲೆ ಅಂಗೈ ಇಟ್ಟರು. ಆ ಕೈಯಲ್ಲಿ ನಾಟಕವಿರಲಿಲ್ಲ. ಇದ್ದಿದ್ದರೆ ಎಲೋಡಿಯಾಗೆ ಸುಲಭವಾಗುತ್ತಿತ್ತು.

"ಕೊಮಾದ್ರೆ," ಅಂದರು ಲೀಡಾಳ ಕಡೆ ತಿರುಗಿ. "ಊಟ ಮಾಡಿದ್ಯಾ? ನಮ್ಮ ಹುಡುಗಿ ಎಲ್ಲಿ?"

"ಅಕ್ಕನ ಮನೇಲಿ."

"ಎಲೋಡಿಯಾ, ಗ್ಯಾಸ್ ಕೊಟ್ಟು ಫಿಟ್ಸ್ ನಿಲ್ಲಿಸಿದ್ಯಂತೆ. ತರ್ಸಿಲಾ ಹೇಳಿದ್ಲು. ನನ್ನ ತಲೆಗೆ ಬರ್ತಿರ್ಲಿಲ್ಲ. ಭಲೇ ಮಗಳೇ." ಅವಳ ಹೆಗಲು ತಟ್ಟಿದರು. "ಈಗ ಅದನ್ನ ಮುಚ್ಚು. ವಾರ್ಡಿಗೆ ಕಳಿಸೋಣ."

"ಮುಚ್ಚಿದ್ರೆ ಫಿಟ್ಸ್ ಬರುತ್ತೆ. ಬೆಳಿಗ್ಗೆ ನೋಡಿದೆ."

"ವಾರ್ಡಲ್ಲಿ ಕೊಡೋಣ ಏನಾದ್ರೂ."

"ಏನನ್ನ? ಏನೂ ಇಲ್ಲ. ಸಂಜೆಗೆ ಮಾಚಾಲಾದಿಂದ ಮದ್ದು ಬರುತ್ತೆ, ಬಂದ ಕೂಡಲೇ ಇವನನ್ನ ಎತ್ತುತ್ತೀನಿ. ಹರ್ನಿಯಾದವರನ್ನ ಹೆರಿಗೆ ಕೋಣೇಲಿ ಮಾಡಿಕೊಡ್ತೀನಿ, ಎಲ್ಲರನ್ನೂ. ಒಬ್ಬರನ್ನೂ ವಾಪಸ್ ಕಳಿಸಲ್ಲ."

ಹೊಮೆರೊ ಕುರ್ಚಿ ಎಳೆದುಕೊಂಡು ಕೂತರು. ಪಾಠ ಹೇಳುವ ಮೊದಲು ಅವರು ಯಾವಾಗಲೂ ಹಾಗೆ ಕೂರುತ್ತಿದ್ದರು.

"ಹಣ್ಣು ಕೊಳ್ಳೋರು ನೋಡೋಕೆ ಬರ್ತಿರೋದು ಈ ಥಿಯೇಟರನ್ನ. ಈ ಯಂತ್ರ ಅವರ ದುಡ್ಡಲ್ಲಿ ಕಂಪನಿ ಕೊಡಿಸಿದ್ದು. ಒಳಗೆ ಬಂದಾಗ ಏನು ಕಾಣಬೇಕು ಅವರಿಗೆ? ವಿಷ ಹೊಡೆದು ಬಿದ್ದ ಆಳು? ಇವತ್ತು ಅವರು ಖುಷಿಯಾಗಿ ಹೋದ್ರೆ ಮುಂದಿನ ವರ್ಷ ಮಕ್ಕಳ ವಾರ್ಡಿಗೆ ಹೊಸ ಮಾಡು ಬರುತ್ತೆ. ನಿನ್ನ ಮಿಡಜೊಲಾಮೂ ಆಗ ಬರುತ್ತೆ, ಎಷ್ಟು ಬೇಕೋ ಅಷ್ಟು. ವಾರ್ಡಲ್ಲಿ ಯಾರಾದ್ರೂ ಕೇಳಿದ್ರೆ ಕುಡಿತದ ಫಿಟ್ಸು ಅಂದ್ರಾಯ್ತು."

"ಕುಡಿತದ್ದಾ?" ಅಂದಳು ಲೀಡಾ. ಗೋಡೆಗೊರಗಿ ನಿಂತಿದ್ದವಳು ಮುಂದೆ ಬಂದಳು. "ಅವನು ಕುಡಿದಿದ್ದು ಹಾಲು, ಕೊಂಪಾದ್ರೆ. ನೀವು ಕುಡಿ ಅಂದ ಹಾಲು."

ಹೊಮೆರೊ ಅವಳ ಮುಖ ನೋಡಲಿಲ್ಲ.

ನಿನ್ನೆಯಿಂದ ಎಲೋಡಿಯಾ ಈ ಪ್ರಶ್ನೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಕೇಳದೇ ಹೋದರೆ ಸುಳ್ಳೆಂದು ನಂಬಿಕೊಂಡು ಬದುಕಬಹುದಿತ್ತು. ಕೇಳಿದಳು.

"ಮೈ ಆರೋವರೆಗೂ ನೀರು ಮುಟ್ಬೇಡಿ ಅಂತ ನೀವು ಹೇಳಿದ್ರಾ?"

"ಹೇಳಿದೆ."

ಅಷ್ಟೇ. ಅಲ್ಲಗಳೆಯಲಿಲ್ಲ, ತೊದಲಲಿಲ್ಲ.

"ಯಾಕೆ?"

"ನಲ್ಲಿ ತೆಗೀತೀವಿ ಅಂತ ಕಂಪನಿಯವರು ತೀರ್ಮಾನ ಮಾಡಿ ಆಗಿತ್ತು. ಒಬ್ಬೊಬ್ಬ ಆಳು ತೊಳ್ಕೊಂಡು ಬರೋಕೆ ಹೊತ್ತು ಹಿಡಿಯುತ್ತೆ ಅಂತ ಅವರ ಲೆಕ್ಕ. ನನ್ನ ಕೇಳಿ ತೆಗೆದ್ರಾ? ಇಲ್ಲ. ಜನ ಮತ್ತೆ ಕೆಲಸ ನಿಲ್ಲಿಸಿದ್ರೆ ಮತ್ತೆ ಲಾಠಿ, ಮತ್ತೆ ಹಲ್ಲು ಹೋಗೋದು. ನಿಮ್ಮಮ್ಮನ ಬಾಯಿಗೆ ಹೊಲಿಗೆ ಹಾಕಿದ್ದು ನಾನು, ನೀನಲ್ಲ. ಜಗಳ ಇಲ್ದೆ ಮುಗೀಲಿ ಅಂತ ಜನ ಒಪ್ಪೋ ಮಾತು ಹೇಳಿದೆ. ಅವರಜ್ಜಿ ಹೇಳಿದ್ದನ್ನೇ ಹೇಳಿದೆ. ನಾನು ಹೊಸದೇನೂ ಹುಟ್ಟಿಸಲಿಲ್ಲ."

"ಅವರಜ್ಜಿ ಹೇಳಿದ್ರೆ ಅದು ತಿಳಿಯದ ಮಾತು. ನೀವು ಹೇಳಿದ್ರೆ ಔಷಧಿ."

"ಕಂಪನಿ ಕೊಟ್ಟ ಹಾಲನ್ನ ಮನೇಲಿ ಮಕ್ಕಳಾದ್ರೂ ಕುಡೀತಾರೆ."

"ನೀವು ಬಿಸಿಲಲ್ಲಿ ನಿಂತು ತಣ್ಣೀರು ಸುರ್ಕೊಂಡಿದ್ರಿ. ನಾನು ನೋಡಿದ್ದೆ. ಅವತ್ತಿನಿಂದ ನನಗೆ ಯಾವ ಹೆದರಿಕೇನೂ ಇರ್ಲಿಲ್ಲ, ಗೊತ್ತಾ ನಿಮಗೆ? ಕತ್ತಲು, ದೆವ್ವ, ಹೆಣ ಕೊಯ್ಯೋದು, ಯಾವುದೂ. ದೋನ್ ಹೊಮೆರೊ ಬೀಳಲಿಲ್ವಲ್ಲ ಅಂತ." ಅವಳ ದನಿ ಏರಲಿಲ್ಲ. "ಕಂಪನಿ ಹೇಳಿದ್ರೆ ಇವರು ನಂಬ್ತಿರ್ಲಿಲ್ಲ. ಬೆನ್ನು ಉರಿದಾಗ ಕದ್ದಾದ್ರೂ ತೊಳ್ಕೊಳ್ತಿದ್ರು. ನಿಮ್ಮ ಬಾಯಲ್ಲಿ ಹೇಳಿಸಿದ್ದಕ್ಕೆ ಹೆಂಡ್ತೀನೇ ಗಂಡನ ಕೈಯಿಂದ ಚೊಂಬು ಕಿತ್ಕೊಂಡ್ಲು."

ಹೊರಗೆ ಶಾಲೆಯ ಮಕ್ಕಳ ಬ್ಯಾಂಡು ಒಂದೇ ಸಾಲನ್ನು ಮತ್ತೆ ಮತ್ತೆ ಕಲಿಯುತ್ತಿತ್ತು.

"ನಿನಗೆ ಸಿಟ್ಟಿದೆ," ಅಂದರು ಹೊಮೆರೊ. "ನಿನ್ನ ವಯಸ್ಸಲ್ಲಿ ನನಗೂ ಇತ್ತು. ಅದರಿಂದ ಏನು ಬಂತು? ನಾಲ್ಕು ನಲ್ಲಿ. ಸಿಟ್ಟು ಬಿಟ್ಟ ಮೇಲೆ ಈ ಯಂತ್ರ ಬಂತು. ಇವತ್ತು ಇವನು ಉಸಿರಾಡ್ತಿರೋದು ಯಾವುದರಿಂದ, ಹೇಳು?"

ಯಂತ್ರ ಕಂಪನಿಯದೇ. ವಿಷವೂ ಅವರದೇ. ನಲ್ಲಿ ಕಿತ್ತವರು ಗಾಳಿ ಊದುವ ಪೆಟ್ಟಿಗೆ ಕೊಟ್ಟಿದ್ದರು, ಅದನ್ನು ಈಗ ವಾಪಸು ಕೇಳುತ್ತಿದ್ದರು. ಎಲೋಡಿಯಾ ವೆಲ್ಲಿಂಗ್ಟನ್ನನ ಎದೆ ಏರಿ ಇಳಿಯುವುದನ್ನು ನೋಡಿದಳು. ಹಣೆಯ ಮೇಲೆ ಬೆವರಿರಲಿಲ್ಲ. ಒಳ್ಳೆಯದು. ನಾಡಿ ಸರಿಯಿತ್ತು. ಸಂಜೆಯವರೆಗೆ ಹೀಗೇ ಇದ್ದರೆ ಮಗಳ ಹೆಸರು ಕರೆಯುವಷ್ಟು ಮನುಷ್ಯನಾಗಿ ಏಳಬಹುದು. ಏಳದೆಯೂ ಇರಬಹುದು. ಈಗ ಮುಚ್ಚಿದರೆ ಮಾತ್ರ ಏಳುವುದಿಲ್ಲ, ಅದು ಖಚಿತ.

ಬಾಗಿಲು ತೆರೆದು ತರ್ಸಿಲಾ ಇಣುಕಿದಳು. "ಡಾಕ್ಟ್ರೇ, ಕಾರುಗಳು ಸೇತುವೆ ದಾಟಿದ್ವಂತೆ."

ಹೊಮೆರೊ ಎದ್ದು ಟೈ ಸರಿಮಾಡಿಕೊಂಡರು. ಮುಖದಿಂದ ಗುರು ಹೋಗಿ ನಿರ್ದೇಶಕರು ಬಂದಿದ್ದರು.

"ಎಲೋಡಿಯಾ, ಇನ್ನು ಮಾತು ಸಾಕು. ಗ್ಯಾಸ್ ಮುಚ್ಚು. ತರ್ಸಿಲಾ ಸ್ಟ್ರೆಚರ್ ತರ್ತಾಳೆ. ನಾನು ಹೊರಗೆ ಅವರನ್ನ ಸ್ವಲ್ಪ ಹೊತ್ತು ತಡೀತೀನಿ."

ಎಲೋಡಿಯಾ ಸ್ಟೂಲನ್ನು ಯಂತ್ರದ ಪಕ್ಕಕ್ಕೆ ಎಳೆದುಕೊಂಡು ಕೂತಳು. ತಿರುಗಣೆಯ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ.

"ಮುಚ್ಚಲ್ಲ," ಅಂದಳು. "ಹೊರಗೆ ಅವರನ್ನ ತಡೀಬೇಡಿ ದೋನ್ ಹೊಮೆರೊ. ಕರ್ಕೊಂಡು ಬನ್ನಿ, ನೋಡ್ಲಿ. ಸಂಜೆವರೆಗೂ ನಾನು ಇದನ್ನ ಮುಚ್ಚಲ್ಲ."